ಅಕ್ಕನ ರಾಗಿ ಮತ್ತು ಅಂಚಿನ ಹರಳುಗಿಡ

ನಮ್ಮಕ್ಕನ ಇಪ್ಪತ್ತು ಚೀಲ ರಾಗಿಯನ್ನು ಸರ್ಕಾರಕ್ಕೆ ಮಾರಲು ನನ್ನ ಕೈಯಿಂದ ಖರ್ಚಾದದ್ದು ಮೂರು ಸಾವಿರದ ನೂರ ನಲವತ್ತು ರೂಪಾಯಿ. ಸರ್ಕಾರ ಅದರಲ್ಲಿ ಒಂದು ಪೈಸೆಯನ್ನೂ ಕೇಳಲಿಲ್ಲ. ಅರ್ಜಿ ಪುಕ್ಕಟೆ, ನೋಂದಣಿ ಪುಕ್ಕಟೆ, ಹೊಲಕ್ಕೆ ಬಂದ ಅಧಿಕಾರಿ ಒಂದು ಲೋಟ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ದುಡ್ಡು ಹೋಗಿದ್ದು ಅದಕ್ಕೂ ಮುಂಚೆ ನಾನು ಮಾಡಿದ್ದ ಉಳಿತಾಯಗಳನ್ನು ರಿಪೇರಿ ಮಾಡೋದಕ್ಕೆ. ಚೌಕಾಸಿ ಮಾಡಿ ನಾನು ಉಳಿಸಿದ್ದು ಎರಡು ಸಾವಿರ ಚಿಲ್ಲರೆ, ಆ ಉಳಿತಾಯದ ರಿಪೇರಿಗೆ ಮೂರು ಸಾವಿರ ಚಿಲ್ಲರೆ. ಇದನ್ನು ನಷ್ಟ ಅಂತ ನಾನು ಒಪ್ಪೋದಿಲ್ಲ. ಪಾಠ ಕಲಿತೆ, ಫೀಸು ಕಟ್ಟಿದೆ. ಅದನ್ನೂ ಸ್ವಲ್ಪ ಕಡಿಮೆ ಮಾಡಿಸಿಕೊಂಡೇ ಕಟ್ಟಿದೆ.

ನನ್ನ ಕಸುಬು ಹಳೇ ಗೋಣಿಚೀಲದ್ದು. ಯಶವಂತಪುರದ ದವಸದ ಯಾರ್ಡಿನಲ್ಲಿ ತೂತು ಬಿದ್ದ ಚೀಲಗಳನ್ನು ಹೊಲಿದು ಕೊಡುತ್ತಾ ಶುರು ಮಾಡಿದವಳು, ಈಗ ಸ್ವಂತ ಅಂಗಡಿ ಇಟ್ಟಿದ್ದೇನೆ, ಹೊಲಿಯೋಕೆ ನಾಲ್ಕು ಹೆಂಗಸರಿದ್ದಾರೆ. ಇಷ್ಟು ವರ್ಷದಲ್ಲಿ ಯಾರೂ ಹೇಳಿದ ಬೆಲೆಗೆ ನಾನು ಏನನ್ನೂ ಕೊಂಡಿಲ್ಲ. ಎರಡನೇ ಹೆರಿಗೆಯಾದಾಗ ವಾರ್ಡಿನ ಬಿಲ್ಲಿನಲ್ಲಿ ಅರ್ಧ ದಿನದ ಬಾಡಿಗೆ ಬಿಡಿಸಿಕೊಂಡು ಬಂದವಳು ನಾನು. ಮಗು ಹುಟ್ಟಿದ್ದು ಮಧ್ಯಾಹ್ನ. ಬೆಳಿಗ್ಗೆಯದಕ್ಕೆ ಮಗುವಿನ ಲೆಕ್ಕ ಯಾಕೆ ಹಾಕಬೇಕು?

ಅಕ್ಕ ಇದಕ್ಕೆ ತದ್ವಿರುದ್ಧ. ಹುಣಸಮಾರನಹಳ್ಳಿ ಹತ್ತಿರದ ಒಂದು ಊರಲ್ಲಿ ಅವಳದು ಒಂದೆಕರೆ ಹೊಲ. ಒಂದು ಪಕ್ಕಕ್ಕೆ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು, ಇನ್ನೊಂದು ಪಕ್ಕಕ್ಕೆ ಕಾಂಪೌಂಡು ಎದ್ದಿರೋ ಖಾಲಿ ಲೇಔಟು, ತಲೆ ಮೇಲೆ ವಿಮಾನ. ಇವುಗಳ ನಡುವೆ ಅಕ್ಕನ ರಾಗಿ. ಹೊಲ ಕೊಡ್ತೀರಾ ಅಂತ ಕೇಳಿಕೊಂಡು ಬರುವವರಿಗೆಲ್ಲ ಅವಳು ಕಾಫಿ ಕೊಟ್ಟು ಕಳಿಸುತ್ತಾಳೆ. ಕಾಫಿ ಕುಡಿದವರು ಎರಡನೇ ಸಲ ಬಂದದ್ದಿಲ್ಲ, ಅಕ್ಕನ ಕಾಫಿ ಹಾಗಿರುತ್ತೆ.

ಅವಳ ರಾಗಿಯನ್ನು ಪ್ರತಿ ವರ್ಷ ಒಬ್ಬ ವ್ಯಾಪಾರಿ ಟೆಂಪೋ ತಂದು ಬಾಗಿಲಲ್ಲೇ ಕೊಳ್ಳುತ್ತಿದ್ದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯೋದು, ಅಂಗೈ ಮೇಲಿಟ್ಟು ನೋಡೋದು, ಸತ್ತವರ ಮನೆಗೆ ಬಂದವನ ಹಾಗೆ ಮುಖ ಮಾಡೋದು. "ಏನಕ್ಕಾವ್ರೇ, ಈ ಸರ್ತೀನೂ ಕಪ್ಪು." ಆಮೇಲೆ ಬೆಲೆ ಇಳಿಸೋದು. ಇದು ನಮ್ಮ ಕಸುಬಿನ ಹಳೇ ವರಸೆ, ಚೀಲ ಕೊಳ್ಳುವಾಗ ನಾನೂ ಮಾಡ್ತೀನಿ. ಆದರೆ ಅಕ್ಕನಿಗೆ ಬೆಲೆ ಇಳಿದದ್ದಕ್ಕಿಂತ ಆ ಮಾತೇ ಚುಚ್ಚುತ್ತಿತ್ತು.

"ನನ್ ಕಾಫೀನ ಬೇಕಾದ್ರೆ ಅನ್ಲಿ," ಅನ್ನೋಳು. "ರಾಗೀನ ಯಾಕಂತಾನೆ?"

ಹೋದ ವರ್ಷ ಕಳೆ ತೆಗೆಯೋ ಕಾಲದಲ್ಲೇ ನನ್ನನ್ನು ಕೂರಿಸಿಕೊಂಡು ಹೇಳಿದಳು. "ಈ ಸರ್ತಿ ಸರ್ಕಾರಕ್ಕೆ ಆಕಾಣ ಕಣೆ. ಅಲ್ಲಿ ಎಲ್ರುಗೂ ಒಂದೇ ರೇಟಂತೆ. ಯಾರೂ ಮುಖ ಕಿವುಚಲ್ವಂತೆ. ಒಂದು ಸರ್ತಿ, ಒಂದೇ ಒಂದ್ ಸರ್ತಿ, ನನ್ ರಾಗೀನ ಯಾರೂ ಏನೂ ಅನ್ದಂಗೆ ತಗೋಬೇಕು."

ಸರ್ಕಾರ ವರ್ಷ ವರ್ಷ ರಾಗಿಗೆ ಇಷ್ಟು ಅಂತ ಒಂದು ಬೆಲೆ ಗೊತ್ತು ಮಾಡುತ್ತೆ, ಅದೇ ಬೆಂಬಲ ಬೆಲೆ. ಅಕ್ಕನ ವ್ಯಾಪಾರಿ ಕೊಡುತ್ತಿದ್ದದ್ದಕ್ಕಿಂತ ಅದು ಎಷ್ಟೋ ವಾಸಿ. ಮೊದಲು ಹೆಸರು ನೋಂದಾಯಿಸಬೇಕು, ಆಮೇಲೆ ಅವರು ಹೇಳಿದ ದಿನ ಖರೀದಿ ಕೇಂದ್ರಕ್ಕೆ ರಾಗಿ ಒಯ್ಯಬೇಕು, ಅಷ್ಟೆ.

"ನನಗೆ ಬಿಡಕ್ಕ," ಅಂದೆ. ಅಲ್ಲಿಂದ ಶುರುವಾಯ್ತು.

ಕೊಯ್ಲಾಗಿ, ಒಕ್ಕಣೆಯಾಗಿ, ರಾಗಿ ಚೀಲ ಸೇರಿದ ಮೇಲೆ ಪಹಣಿ, ಆಧಾರು, ಪಾಸ್‌ಬುಕ್ಕು, ಎಲ್ಲದರ ಮೂರು ಮೂರು ಜೆರಾಕ್ಸು ಹಿಡಿದು ಇಬ್ಬರೂ ನೋಂದಣಿ ಕೌಂಟರಿಗೆ ಹೋದೆವು. ಜೆರಾಕ್ಸಿನವನ ಹತ್ತಿರ ಹತ್ತು ಹಾಳೆಗೆ ಒಂದು ಹಾಳೆ ಬಿಟ್ಟಿ ಮಾಡಿಸಿದ್ದೆ, ಆ ಖುಷಿಯಲ್ಲಿದ್ದೆ. ಕೌಂಟರಿನ ಕನ್ನಡಕದವರು ಸರ್ವೆ ನಂಬರ್ ಒತ್ತಿ, ಪರದೆ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಅಮ್ಮಾ, ನಿಮ್ಮ ಹೊಲದಲ್ಲಿರೋದು ಹರಳು."

"ಅಂಚಲ್ಲಿ ಇದೆ ಸಾರ್."

"ಅಂಚಲ್ಲ. ಪೂರ್ತಿ. ಒಂದೆಕರೆ ಹರಳು. ರಾಗಿ ಒಂದು ಗುಂಟೆ ಸಹ ಇಲ್ಲ."

ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬೆಳೆ ಸಮೀಕ್ಷೆಯ ಫೋಟೋ. ಪರದೆ ತುಂಬ ಒಂದೇ ಒಂದು ಹರಳೆಲೆ, ಛತ್ರಿಯಷ್ಟು ದೊಡ್ಡದು. ಅದರ ಪಕ್ಕದಲ್ಲಿ ಬಳೆ ಹಾಕಿದ ಒಂದು ಕೈ, ಗಿಡವನ್ನು ತೋರಿಸುತ್ತಾ ಇತ್ತು. ಆ ಬಳೆ ನಾನು ಕೊಡಿಸಿದ್ದು, ಡಜನ್ನಿಗೆ ಹತ್ತು ರೂಪಾಯಿ ಇಳಿಸಿ.

"ಅಕ್ಕಾ, ಇದು ನಿನ್ ಕೈ ಅಲ್ವಾ?"

"ಊಂ," ಅಂದಳು ಅಕ್ಕ, ಫೋಟೋ ಚೆನ್ನಾಗಿ ಬಂದಿದೆ ಅನ್ನೋ ಥರ.

ಪಟ್ಟಣದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬರೀ ರಾಗಿ ಬಿತ್ತೋದಿಲ್ಲ. ನಡುನಡುವೆ ಅವರೆ, ತೊಗರಿ ಅಂತ ಅಕ್ಕಡಿ ಸಾಲು ಬಿಡ್ತೀವಿ, ಅಂಚಿಗೆ ಸುತ್ತಲೂ ಹರಳು ಹಾಕ್ತೀವಿ, ದನ ಅದಕ್ಕೆ ಬಾಯಿ ಹಾಕೋದಿಲ್ಲ. ಇನ್ನು ಬೆಳೆ ಸಮೀಕ್ಷೆ ಅಂದರೆ, ಯಾರ ಹೊಲದಲ್ಲಿ ಏನಿದೆ ಅಂತ ಒಬ್ಬರು ಬಂದು ಹೊಲದಲ್ಲೇ ನಿಂತು ಫೋನಿನಲ್ಲಿ ಫೋಟೋ ತೆಗೆದು, ಬೆಳೆಯ ಹೆಸರು ಒತ್ತಿ ಕಳಿಸೋದು. ಅಕ್ಕನ ಹೊಲಕ್ಕೆ ಬಂದವನು ಊರಿನ ಮೊಬೈಲ್ ರಿಪೇರಿ ಅಂಗಡಿಯವನು. ಅವನು ಬಂದಾಗ ರಾಗಿ ತೆನೆ ಕಟ್ಟಿ ಹಾಲು ತುಂಬುತ್ತಿತ್ತು.

"ತೆನೆಗೆ ಆಲು ತುಂಬೋ ಒತ್ನಲ್ಲಿ ಕ್ಯಾಮೆರಾ ಕಣ್ ಬಿದ್ರೆ ಏನಾಯ್ತದೆ?" ಅಕ್ಕ ಕೌಂಟರಿನವರನ್ನೇ ಕೇಳಿದಳು.

"ಏನಾಗುತ್ತಮ್ಮಾ?"

"ಜೊಳ್ಳಾಯ್ತದೆ. ನಮ್ ಸೊಸೇನೇ ನಾನು ಆ ಟೈಮಲ್ಲಿ ಒಲದ್ ಕಡೆ ಬಿಡಲ್ಲ, ಅವಳು 'ಅಬ್ಬಾ ಎಷ್ಟ್ ಚೆನ್ನಾಗಿದೆ ಅತ್ತೆ' ಅಂದ್ಬಿಡ್ತಾಳೆ. ಇವನನ್ನ ಬಿಡ್ತೀನಾ? ಅಂಚಲ್ಲೇ ನಿಲ್ಸಿ, ಈ ಗಿಡ ತಕ್ಕಪ್ಪಾ, ಇದೂ ನಮ್ದೇ ಅಂದೆ. ಅವನು ತಕ್ಕೊಂಡು ಓದ."

ರಾಗಿಗೆ ಬೀಳಬೇಕಾದ ದೃಷ್ಟಿಯನ್ನು ಹರಳುಗಿಡದ ಮೇಲೆ ತಿರುಗಿಸಿ ಕಳಿಸಿದ್ದಳು. ಪಾಪ ಅವನು ಕಂಡದ್ದನ್ನೇ ಒತ್ತಿದ್ದ.

ಸರಿ, ನನ್ನ ಕೆಲಸ ಈಗ ಶುರು ಅಂತ ಕೌಂಟರಿಗೆ ಮೊಣಕೈ ಊರಿದೆ. "ಸಾರ್, ಆಗಿದ್ದು ಆಯ್ತು. ಅರ್ಧ ರಾಗಿ, ಅರ್ಧ ಹರಳು ಮಾಡ್ಕೊಂಡ್ಬಿಡಿ."

"ಏನಮ್ಮಾ?"

"ಹೋಗ್ಲಿ, ನೀವೂ ಕೆಲಸದಲ್ಲಿರೋರು, ಮುಕ್ಕಾಲು ರಾಗಿ ಮಾಡಿ, ಕಾಲು ಹರಳು ನಿಮಗೆ ಬಿಟ್ಟಿದೀನಿ."

"ಅಮ್ಮಾ, ಇದು ಯಾರ್ಡ್ ಅಲ್ಲ. ನಾನು ಒತ್ತಿದ್ರೂ ಇದು ತಗೊಳಲ್ಲ." ಅವರು ಕೀಲಿಮಣೆಯನ್ನೇ ನನ್ನ ಕಡೆ ತಳ್ಳಿದರು. "ನೀವೇ ಕೇಳಿ ನೋಡಿ ಬೇಕಾದ್ರೆ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಒಬ್ಬ ಅಜ್ಜ, "ಎಣ್ಣೆ ತೆಗ್ಸಿ ತಲೆಗ್ ಆಕ್ಕೊಳ್ರಮ್ಮಾ, ತಂಪಾಯ್ತದೆ" ಅಂದ. ಕನ್ನಡಕದವರು ಮಾತ್ರ ಒಳ್ಳೆಯವರು, ದಾರಿ ಹೇಳಿಕೊಟ್ಟರು. ಬೆಳೆ ತಪ್ಪು ಅಂತ ಆಕ್ಷೇಪಣೆ ಕೊಡಿ, ಗ್ರಾಮ ಆಡಳಿತ ಅಧಿಕಾರಿ ಹೊಲಕ್ಕೆ ಬಂದು ನೋಡ್ತಾರೆ, ರಾಗಿ ಅಂತ ಖಾತ್ರಿಯಾದರೆ ತಿದ್ದುಪಡಿ ಆಗುತ್ತೆ. ಆದರೆ ಅದಕ್ಕೆ ಉಳಿದಿರೋದು ಆರೇ ದಿನ. ಆಮೇಲೆ ಅಕ್ಕನ ರಾಗಿ ಸರ್ಕಾರದ ಪಾಲಿಗೆ ಹರಳೇ. ಅಲ್ಲಿಂದಾಚೆಗೆ ಮತ್ತೆ ಅದೇ ವ್ಯಾಪಾರಿ, ಅದೇ ಮುಖ.

ಮೂರನೇ ದಿನ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸ್ಕೂಟರಿನಲ್ಲಿ, ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಹೊಲದ ಬದು ಹತ್ತಿದರು. ಹತ್ತಿ, ನಿಂತರು. ಹೊಲ ನುಣ್ಣಗೆ ಉಳುಮೆಯಾಗಿತ್ತು. ಒಂದು ಹುಲ್ಲುಕಡ್ಡಿ ಇಲ್ಲ. ಸುತ್ತಲೂ ಅಂಚಿಗೆ ಹರಳುಗಿಡ ಮಾತ್ರ, ಹಸಿರಾಗಿ, ಆಳೆತ್ತರಕ್ಕೆ, ಯಾರೋ ದೊಡ್ಡೋರು ಬಂದಿದ್ದಾರೆ ಅಂತ ಎದ್ದು ನಿಂತ ಹಾಗೆ.

"ಕೂಳೆ ಎಲ್ಲಮ್ಮಾ? ರಾಗಿ ಕೊಯ್ದ ಮೇಲೆ ಬುಡದಲ್ಲಿ ಕೂಳೆ ಇರ್ಬೇಕಲ್ಲ? ಅದನ್ನ ನೋಡಿದ್ರೆ ಸಾಕಿತ್ತು."

ಅಕ್ಕ ನನ್ನ ಕಡೆ ನೋಡಿದಳು. ಹೋದ ವಾರ ಪಕ್ಕದ ಊರಿಗೆ ಟ್ರ್ಯಾಕ್ಟರ್ ಬಂದಿತ್ತು. ಹೇಗೂ ಬಂದಿದೀಯಲ್ಲ ಅಂತ ಗಂಟೆಗೆ ಇನ್ನೂರು ಇಳಿಸಿ ನಾನೇ ಉಳುಮೆ ಮಾಡಿಸಿದ್ದೆ. ಅಕ್ಕ ಈಗಲೇ ಏನವಸರ ಅಂದಿದ್ದಳು.

"ಹುಲ್ಲಿನ ಮೆದೆ ಇದ್ರೆ ತೋರಿಸಿ."

ಹುಲ್ಲನ್ನು ಕೋಗಿಲು ಕಡೆಯ ಹಸು ಸಾಕೋರಿಗೆ ಮಾರಿಸಿದವಳೂ ನಾನೇ. ಮೆದೆ ಹಾಕೋ ಕೂಲಿ ಉಳೀತಲ್ಲ ಅಂತ ಹೊಲದಿಂದಲೇ ತುಂಬಿ ಕಳಿಸಿದ್ದೆ. ತಕ್ಷಣ ಅವರಿಗೆ ಫೋನ್ ಹಚ್ಚಿದೆ. ಅರ್ಧ ಆಗಲೇ ಹಸುಗಳ ಹೊಟ್ಟೆ ಸೇರಿತ್ತು, ಉಳಿದರ್ಧ ಬೇರೆ ಹುಲ್ಲಿನ ಜೊತೆ ಬೆರೆತಿತ್ತು. "ಹಸುಗಳನ್ನ ಬೇಕಾದ್ರೆ ಕರ್ಕೊಂಡ್ ಬರ್ಲಾ ಅಕ್ಕಾ, ಸಾಕ್ಷಿ ಹೇಳ್ತಾವೆ," ಅಂದ ಆ ಮನುಷ್ಯ. ನನಗೆ ಯಾರಾದರೂ ತಮಾಷೆ ಮಾಡಿದರೆ ಆಗೋದಿಲ್ಲ, ಅದರಲ್ಲೂ ಹೆಚ್ಚು ರೇಟಿಗೆ ಹುಲ್ಲು ಕೊಂಡವರು.

"ಹೋಗ್ಲಿ, ರಾಗಿ ಎಲ್ಲಿದೆ?" ಅಂದರು ಅಧಿಕಾರಿ.

ಮನೆಗೆ ಕರೆದುಕೊಂಡು ಹೋದೆವು. ಪಡಸಾಲೆಯಲ್ಲಿ ಇಪ್ಪತ್ತು ಚೀಲ, ಸಾಲಾಗಿ. ಚೀಲ ನಾನು ಕೊಟ್ಟದ್ದು, ನನ್ನ ಅಂಗಡಿಯವು, ಅಕ್ಕನಿಗೆ ಅಂತ ಬಿಟ್ಟಿಯಾಗಿ. ಒಂದರ ಮೇಲೆ ಸಕ್ಕರೆ ಕಾರ್ಖಾನೆಯ ಮುದ್ರೆ, ಇನ್ನೊಂದರ ಮೇಲೆ ತೊಗರಿಬೇಳೆ ಮಿಲ್ಲಿನ ಆನೆ, ಮೂರರ ಮೇಲೆ ಬೇರೆ ಯಾವುದೋ ರಾಜ್ಯದ ಆಲೂಗಡ್ಡೆ. ಅಧಿಕಾರಿ ಒಂದೊಂದನ್ನೂ ಓದಿ, ಮೆಲ್ಲಗೆ ನನ್ನ ಕಡೆ ತಿರುಗಿದರು.

"ನೀವೇನ್ ಮಾಡ್ಕೊಂಡಿದೀರಮ್ಮಾ?"

"ಯಶವಂತಪುರ ಯಾರ್ಡಲ್ಲಿ ವ್ಯಾಪಾರ ಮೇಡಂ," ಅಂದೆ, ಹೆಮ್ಮೆಯಿಂದಲೇ.

ಹೇಳಿದ ಮೇಲೆ ಹೊಳೆಯಿತು. ವ್ಯಾಪಾರಿಗಳು ಯಾರ್ಡಿನಲ್ಲಿ ಅಗ್ಗಕ್ಕೆ ಕೊಂಡ ರಾಗಿಯನ್ನು ರೈತರ ಹೆಸರಲ್ಲಿ ತಂದು ಸುರಿಯಬಾರದು ಅಂತಲೇ ಇಷ್ಟೆಲ್ಲ ತನಿಖೆ ಇರೋದು. ಹರಳು ಅಂತ ದಾಖಲೆ ಇರೋ ಹೊಲ, ಅದರಲ್ಲಿ ಹರಳು ಮಾತ್ರ ನಿಂತಿದೆ, ಮನೆಯಲ್ಲಿ ಊರೂರಿನ ಚೀಲದಲ್ಲಿ ರಾಗಿ, ಪಕ್ಕದಲ್ಲಿ ಯಾರ್ಡಿನ ತಂಗಿ. ನಾನೇ ಅಧಿಕಾರಿಯಾಗಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಅವರು ನಿಂತರು. ಅಕ್ಕಪಕ್ಕದವರನ್ನು ವಿಚಾರಿಸೋಣ ಅಂದರು. ಅಕ್ಕಪಕ್ಕ ಅಂದರೆ ಕಾಂಪೌಂಡು ಮತ್ತು ಅಪಾರ್ಟ್‌ಮೆಂಟು. ಗೇಟಿನ ಹತ್ತಿರ ಬಿಳಿ ಬೂಟು ಹಾಕಿಕೊಂಡು ಕೈ ಬೀಸಿ ನಡೆಯುತ್ತಿದ್ದ ಒಬ್ಬರನ್ನು ನಿಲ್ಲಿಸಿ ಕೇಳಿದರು.

"ಸಾರ್, ಈ ಜಾಗದಲ್ಲಿ ಎರಡು ತಿಂಗಳ ಹಿಂದೆ ಏನಿತ್ತು?"

"ಸೂಪರ್ ಲಾನ್ ಇತ್ತು ಮೇಡಂ," ಅಂದರು ಅವರು. "ಫಸ್ಟ್ ಕ್ಲಾಸ್ ಮೇಂಟೇನ್ ಮಾಡಿದ್ರು. ಯಾಕೆ ತೆಗೆದ್ಬಿಟ್ರು?"

ಅಕ್ಕ ಒಂದು ಕ್ಷಣ ಹಲ್ಲು ಕಚ್ಚಿದಳು. ಐದು ತಿಂಗಳ ಬೇಸಾಯ ಅವಳದು.

"ಅಮ್ಮಾ, ನಿಮ್ಮನ್ನ ನೋಡಿದ್ರೆ ನನಗೆ ನಂಬಿಕೆ ಬರುತ್ತೆ," ಅಂದರು ಅಧಿಕಾರಿ. "ಆದ್ರೆ ಬರೀ ನಂಬಿಕೆ ಅಪ್‌ಲೋಡ್ ಮಾಡಕ್ಕಾಗಲ್ಲ. ಬೆಳೆ ಇದ್ದಾಗ ಯಾರಾದ್ರೂ ಹೊಲದ್ದು ಒಂದು ಫೋಟೋ ತೆಗೆದಿರ್ತಾರೆ, ಹುಡುಕಿ. ತಾರೀಖು ಗೊತ್ತಾಗ್ಬೇಕು, ಜಾಗ ಇದೇ ಅಂತ ಕಾಣ್ಬೇಕು."

"ಒಂದೂ ಇಲ್ಲ ಮೇಡಂ," ಅಕ್ಕ ತಲೆ ಎತ್ತಿ ಹೇಳಿದಳು. "ಒಬ್ರನ್ನೂ ಬಿಟ್ಟಿಲ್ಲ ನಾನು."

ನನಗೆ ಕೆಮ್ಮು ಬಂತು.

ಈಗ ನಿಮ್ಮ ಹತ್ತಿರ ಮುಚ್ಚಿಡೋದೇನು. ಕೊಯ್ಲಿಗೆ ಒಂದು ವಾರ ಮುಂಚೆ ಅಕ್ಕ ಮಗಳ ಮನೆಗೆ ಹೋಗಿದ್ದಳು, ಮೂರು ದಿನ ಹೊಲ ಕಾಯೋಕೆ ನನ್ನನ್ನು ಬಿಟ್ಟು. ಎರಡನೇ ದಿನ ಒಂದು ಕಾರು ಬಂತು. ಅದರಿಂದ ಒಬ್ಬ ಫೋಟೋಗ್ರಾಫರು, ಮದುವೆ ಗೊತ್ತಾಗಿದ್ದ ಒಂದು ಜೋಡಿ, ಡ್ರೋನಿನ ಒಂದು ದೊಡ್ಡ ಪೆಟ್ಟಿಗೆ ಇಳಿದವು. ಮದುವೆಗೆ ಮುಂಚಿನ ಫೋಟೋ ತೆಗೀಬೇಕಂತೆ, ಹತ್ತೇ ನಿಮಿಷವಂತೆ. ಅಕ್ಕನ ಶಾಸ್ತ್ರ ನನಗೆ ಗೊತ್ತಿಲ್ಲದ್ದಲ್ಲ. ಆದರೆ ದುಡ್ಡು ಕೊಡ್ತೀನಿ ಅಂತ ಬಾಗಿಲಿಗೆ ಬಂದವರನ್ನು ಕಳಿಸೋದು ನನ್ನ ಕೈಲಿ ಈವರೆಗೆ ಆಗಿಲ್ಲ. ಸಾವಿರ ಕೇಳಿದೆ, ಐನೂರಕ್ಕೆ ಮುಗೀತು. ಬೆಳೆ ತುಳಿಯೋ ಹಾಗಿಲ್ಲ ಅಂತ ಅಕ್ಕಡಿ ಸಾಲಿನಲ್ಲೇ ನಡೆಸಿದೆ. ವಧು ರಾಗಿ ತೆನೆಯಿಂದ ವರನ ಕೆನ್ನೆ ಸವರಿದಳು. ಅವನು ಸೀನಿದ. ಹಾಗೇ ಹತ್ತು ನಿಮಿಷ ಒಂದೂವರೆ ಗಂಟೆಯಾಯ್ತು.

ಆ ಫೋಟೋಗ್ರಾಫರನ ಅಂಗಡಿ ಆರ್.ಟಿ. ನಗರದಲ್ಲಿ. ಐನೂರನ್ನು ಫೋನಿನಲ್ಲೇ ಕಳಿಸಿದ್ದರಿಂದ ಅವನ ನಂಬರ್ ಸಿಕ್ಕಿತು. ಅಕ್ಕನಿಗೆ ಯಾರದೋ ಹತ್ತಿರ ಫೋಟೋ ಇರಬಹುದು, ನೋಡ್ತೀನಿ ಅಂತಷ್ಟೇ ಹೇಳಿ ಮಾರನೇ ದಿನ ಅವನ ಅಂಗಡಿಯ ಮೆಟ್ಟಿಲು ಹತ್ತಿದೆ.

"ಅರೆ ಖಾಲಾ! ಆವ್ ಆವ್, ಕೂತ್ಕೊಳ್ಳಿ," ಅಂದ, ಸ್ವಂತ ಚಿಕ್ಕಮ್ಮನನ್ನು ಕರೆಯೋ ಹಾಗೆ. ಟೀ ತರಿಸಿದ. ವಿಷಯ ಕೇಳಿದ. ಗಡ್ಡ ಸವರಿಕೊಂಡ. "ಫೋಟೋ ಇದೆ. ಎರಡು ಸಾವಿರ."

"ಎರಡು ಸಾವಿರಾನಾ? ಒಂದು ಫೋಟೋಗೆ? ಅದೂ ನಮ್ಮ ಹೊಲದ್ದೇ?"

"ಖಾಲಾ, ಅವತ್ತು ನೀವು ನನಗೆ ಹೇಳಿದ್ದು ನೆನಪಿದೆಯಾ? 'ಬೇಡ ಅಂದ್ರೆ ಬಿಡಪ್ಪಾ, ಮುಂದಿನ ಹೊಲಕ್ಕೆ ಹೋಗು, ಅಲ್ಲಿ ಲೇಔಟ್ ಕಲ್ಲು ನೆಟ್ಟವ್ರೆ' ಅಂದ್ರಿ." ಅವನು ಟೀ ಲೋಟ ನನ್ನ ಮುಂದೆ ಸರಿಸಿದ. "ಬೇಡ ಅಂದ್ರೆ ಬಿಡಿ ಖಾಲಾ. ಮುಂದಿನ ಸ್ಟುಡಿಯೋಗೆ ಹೋಗಿ."

ಇಷ್ಟು ವರ್ಷದಲ್ಲಿ ನನ್ನದೇ ಮಾತು ನನಗೇ ಯಾರೂ ಮಾರಿರಲಿಲ್ಲ. ಮುಕ್ಕಾಲು ಗಂಟೆ ಗುದ್ದಾಡಿ ಸಾವಿರದ ಇನ್ನೂರಕ್ಕೆ ತಂದೆ. ಆಗ ಅವನು, ಆ ಜೋಡಿಯನ್ನು ಒಂದು ಮಾತು ಕೇಳದೆ ಕೊಡೋ ಹಾಗಿಲ್ಲ ಅಂದ. ಅದು ನ್ಯಾಯವೇ. ಹೆಬ್ಬಾಳದಲ್ಲಿ ಸಂಸಾರ ಹೂಡಿದ್ದ ಆ ಹೆಣ್ಣುಮಗಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಕೊಡಿ, ಪರವಾಗಿಲ್ಲ," ಅಂದಳು ಅವಳು. "ಆದ್ರೆ ಎರಡು ಕಂಡೀಷನ್. ನಮಗೆ ಐದು ಕೆಜಿ ರಾಗಿಹಿಟ್ಟು, ಆ ಹೊಲದ್ದೇ. ಆಮೇಲೆ ಡ್ರೋನಲ್ಲಿ ಮೇಲಿಂದ ತೆಗೆದಿದ್ದರಲ್ಲಿ ನಮ್ಮನೆಯವರ ನೆತ್ತಿ ಬೋಳಾಗಿರೋದು ಕಾಣುತ್ತೆ. ಅದು ಗೌರ್ಮೆಂಟ್ ಫೈಲಿಗೆ ಹೋಗೋದು ಅವರಿಗೆ ಇಷ್ಟ ಇಲ್ಲ."

ಹಿಂದಿನಿಂದ ಒಂದು ಗಂಡು ದನಿ, "ಲೈಟ್ ಬಿದ್ದು ಹಂಗ್ ಕಾಣತ್ತೆ ಅಷ್ಟೇ" ಅಂತು.

ಜಾಗ ಗೊತ್ತಾಗಬೇಕಾದರೆ ಡ್ರೋನಿನದೇ ಬೇಕಿತ್ತು, ಅದರಲ್ಲಿ ಪೂರ್ತಿ ಹೊಲ, ಅಪಾರ್ಟ್‌ಮೆಂಟು, ರಸ್ತೆ ಎಲ್ಲ ಬಂದಿತ್ತು. ಕೊನೆಗೆ ಫೋಟೋಗ್ರಾಫರೇ ಉಪಾಯ ಮಾಡಿ ವರನ ನೆತ್ತಿಯ ಮೇಲೆ ಒಂದು ಕೆಂಪು ಹೃದಯ ಅಂಟಿಸಿದ. ಅಳತೆಗೆ ಸರಿಯಾಗಿ ಕೂತಿತು. ಅಷ್ಟನ್ನು ಮಾತ್ರ ನೋಡಿ, ದುಡ್ಡು ಕೊಟ್ಟು, ತಾರೀಖು ಇರೋ ಮೂಲ ಫೋಟೋವನ್ನೂ ಫೋನಿಗೆ ಹಾಕಿಸಿಕೊಂಡು ಬಂದೆ. ಇದು, ಐದು ಕೆಜಿ ಹಿಟ್ಟು, ಓಡಾಟ, ಅಂಗಡಿ ಬಿಟ್ಟ ದಿನಗಳು ಎಲ್ಲ ಸೇರಿದ್ದೇ ಆ ಮೂರು ಸಾವಿರ ಚಿಲ್ಲರೆ.

ತಿದ್ದುಪಡಿ ಮುಗಿಯೋಕೆ ಒಂದೇ ದಿನ ಉಳಿದಿತ್ತು. ಅಧಿಕಾರಿ ಮತ್ತೆ ಹೊಲಕ್ಕೆ ಬಂದರು. ನನ್ನ ಯೋಚನೆ ಏನಿತ್ತು ಅಂದರೆ, ಅವರನ್ನು ಹರಳುಗಿಡದ ಮರೆಗೆ ಕರೆದು ಫೋಟೋ ತೋರಿಸಿ ಕೆಲಸ ಮುಗಿಸೋದು, ಅಷ್ಟರಲ್ಲಿ ಅಕ್ಕ ಮಜ್ಜಿಗೆ ತರಲಿ ಅನ್ನೋದು. ಅಕ್ಕ ಮಜ್ಜಿಗೆಯನ್ನು ಮೊದಲೇ ಮಾಡಿ ತಂದಿದ್ದಳು. ನೇರ ಬಂದು ಅಧಿಕಾರಿಯ ಭುಜದ ಹಿಂದೆ ನಿಂತಳು.

ಫೋನಿನಲ್ಲಿ ಹೊಲ ತೆರೆದುಕೊಂಡಿತು. ಒಂದೆಕರೆ ರಾಗಿ, ಮಾಗಿ, ಕಂದು ಬಣ್ಣಕ್ಕೆ ತಿರುಗಿ, ನಡುವೆ ಅವರೆಯ ಹಸಿರು ಗೆರೆಗಳು, ಸುತ್ತಲೂ ಹರಳಿನ ಬೇಲಿ. ಪಕ್ಕದಲ್ಲಿ ಅಪಾರ್ಟ್‌ಮೆಂಟಿನ ತಾರಸಿ. ಹೊಲದ ನಡುವೆ ಇಬ್ಬರು.

"ಈ ಹಾರ್ಟ್ ಏನು?" ಅಂದರು ಅಧಿಕಾರಿ.

"ನೆತ್ತಿ ಮೇಡಂ."

ಅವರು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಮೂಲೆಮೂಲೆ ನೋಡಿದರು. ಈಶಾನ್ಯದ ಮೂಲೆಯಲ್ಲಿ ಕೈ ನಿಂತಿತು. "ಇದೇನು? ಬೆದರುಬೊಂಬೆನಾ?"

ರಾಗಿಯ ನಡುವೆ ಏನೋ ಒಂದು ಮುದ್ದೆಯಾಗಿ ಕೂತಿತ್ತು, ತಲೆ ಮೇಲೆ ಗೋಣಿಚೀಲ. ಅಂಗಡಿಯಲ್ಲಿ ವರನ ನೆತ್ತಿಯನ್ನಷ್ಟೇ ನೋಡಿದ್ದ ನಾನು ಇದನ್ನು ಗಮನಿಸಿರಲಿಲ್ಲ. ಅವತ್ತು ಡ್ರೋನ್ ಮೇಲೇರೋ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿ ಅಕ್ಕನ ಓರಗಿತ್ತಿ ಬಂದಿ­ದ್ದಳು. ಕಂಡರೆ ಅಕ್ಕನಿಗೆ ಸುದ್ದಿ ಮುಟ್ಟಿಸುತ್ತಾಳೆ ಅಂತ ನಾನು ಚೀಲ ಹೊದ್ದು ಅಲ್ಲೇ ಕುಕ್ಕರಿಸಿದ್ದೆ. ರಸ್ತೆಯಿಂದ ಕಾಣದ ಹಾಗೆ ಚೆನ್ನಾಗಿಯೇ ಅಡಗಿದ್ದೆ. ಆಕಾಶದ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ಅಕ್ಕ ಬಗ್ಗಿ ನೋಡಿದಳು. ಇನ್ನೂ ಬಗ್ಗಿದಳು.

"ಬೆದರುಬೊಂಬೆ ಅಲ್ಲ ಮೇಡಂ," ಅಂದಳು. "ನನ್ ತಂಗಿ. ಆ ಚೀಲಕ್ಕೆ ನೀಲಿ ದಾರದಲ್ಲಿ ತೇಪೆ ಆಕೋಳು ಅವಳೊಬ್ಳೇ."

ಅಧಿಕಾರಿ ಬಾಯಿಗೆ ಹೆಲ್ಮೆಟ್ ಅಡ್ಡ ಹಿಡಿದುಕೊಂಡರು. ಹೆಲ್ಮೆಟ್ ಅಲುಗುತ್ತಿತ್ತು. ಆಮೇಲೆ ಮುಖ ಸರಿಮಾಡಿಕೊಂಡು ಕೆಲಸಕ್ಕೆ ಇಳಿದರು. ಮೂಲ ಫೋಟೋದ ತಾರೀಖು, ಜಾಗ ಎರಡನ್ನೂ ತಮ್ಮ ಫೋನಿಗೆ ಹೋಲಿಸಿದರು. ಹರಳುಗಿಡಗಳ ಸಾಲನ್ನು ಫೋಟೋ ಹಿಡಿದು ಸುತ್ತಿ ನೋಡಿದರು. ಉತ್ತ ಮಣ್ಣಿನ ನಾಲ್ಕು ಹೆಂಟೆ ಒಡೆಸಿದರು, ಒಳಗೆ ರಾಗಿಯ ಬೇರು ಗುಪ್ಪೆಗುಪ್ಪೆಯಾಗಿ ಸಿಕ್ಕಿತು. ಊರಿನ ಇಬ್ಬರನ್ನು ಕರೆಸಿ ಮಹಜರು ಬರೆದು ಸಹಿ ಹಾಕಿಸಿದರು. ಸಂಜೆ ಹೊತ್ತಿಗೆ ಸರ್ಕಾರದ ದಾಖಲೆಯಲ್ಲಿ ಅಕ್ಕನ ಹೊಲ ಮತ್ತೆ ರಾಗಿಯ ಹೊಲವಾಯಿತು. ನಾನಿರೋ ಫೋಟೋ ಆ ಕಡತದಲ್ಲಿದೆ, ಹೃದಯದ ಸಮೇತ.

ಅವರ ಸ್ಕೂಟರ್ ತಿರುವಿನಲ್ಲಿ ಮರೆಯಾಯಿತು.

"ಅದುಕ್ಕೇ," ಅಂದಳು ಅಕ್ಕ. "ಆ ಮೂಲೇಲಿ ಜೊಳ್ಳು ಬಂದಿದ್ದು ಅದುಕ್ಕೇ."

"ಅಕ್ಕಾ, ಅದು ಅಪಾರ್ಟ್‌ಮೆಂಟ್ ನೆರಳಿಗೆ..."

"ಬಾಯ್ ಮುಚ್ಚು."

ಮುಚ್ಚಿದೆ. ಅವಳು ಮನೆಗೆ ಹೋಗಿ ಉಪ್ಪು, ಮೆಣಸಿನಕಾಯಿ, ಹಳೇ ಪೊರಕೆಕಡ್ಡಿ ತಂದು ಇಪ್ಪತ್ತು ಚೀಲಕ್ಕೂ ದೃಷ್ಟಿ ತೆಗೆದಳು, ಒಂದೊಂದಕ್ಕೂ ಬೇರೆ ಬೇರೆಯಾಗಿ. ಒಟ್ಟಿಗೆ ತೆಗೆದರೆ ಉಪ್ಪು ಉಳಿಯುತ್ತೆ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೆಣಸಿನಕಾಯಿ ಒಲೆಗೆ ಬಿದ್ದಾಗ ನಮಗೆ ಒಂಚೂರೂ ಘಾಟು ಬರಲಿಲ್ಲ, ಅಂದರೆ ದೃಷ್ಟಿ ಭಾರಿಯಾಗಿತ್ತು ಅಂತ ಅರ್ಥ. ನಮ್ಮಿಬ್ಬರನ್ನು ಬಿಟ್ಟು ಬೀದಿಯವರೆಲ್ಲ ಕೆಮ್ಮುತ್ತಿದ್ದರು.

ಕೊನೆಗೆ ಅಕ್ಕ ಕೈ ತೊಳೆದು ಬಂದು ನನ್ನ ಎದುರು ಕೂತಳು.

"ಎಷ್ಟ್ ಇಸ್ಕೊಂಡೆ ಅವತ್ತು?"

"ಐನೂರು."

"ನನ್ ಒಂದೆಕ್ರೆ ರಾಗೀಗೆ ಬರೀ ಐನೂರಾ?"

ಅಷ್ಟು ಅವಮಾನ ನನಗೆ ಯಾರ್ಡಿನಲ್ಲೂ ಆಗಿಲ್ಲ.

ಖರೀದಿ ಕೇಂದ್ರಕ್ಕೆ ರಾಗಿ ಒಯ್ದ ದಿನ ಅಕ್ಕ ಹೊರಡುವಾಗಲೇ ಹೇಳಿದ್ದಳು, ನೀನು ಬರೋದಾದರೆ ಬಾ, ಬೆಲೆ ವಿಚಾರ ಎತ್ತಬೇಡ. ಟೆಂಪೋಗಳ ಸಾಲಿನಲ್ಲಿ ಮೂರು ಗಂಟೆ ಕಾದೆವು. ಜೊಳ್ಳಿದ್ದ ಚೀಲವನ್ನು ಅಕ್ಕ ಹಿಂದಿನ ದಿನ ಮತ್ತೆ ತೂರಿ, ಕಡಿಮೆ ಬಿದ್ದದ್ದನ್ನು ಮನೆಗೆ ಅಂತ ಇಟ್ಟಿದ್ದ ರಾಗಿಯಲ್ಲಿ ತುಂಬಿಸಿದ್ದಳು. ನಮ್ಮ ಸರದಿ ಬಂತು. ತಪಾಸಣೆಯವನು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದ. ಅಂಗೈ ಮೇಲಿಟ್ಟು ನೋಡಿದ. ಅಕ್ಕ ನನ್ನ ಮಣಿಕಟ್ಟು ಹಿಡಿದಳು, ಬಳೆ ಒತ್ತಿ ಗುರುತು ಬಿತ್ತು. ಅವನು ತೇವಾಂಶದ ಯಂತ್ರಕ್ಕೆ ಸುರಿದು, ನಂಬರ್ ಬರೆದುಕೊಂಡು, ತಲೆ ಎತ್ತದೆಯೇ, "ಹ್ಞಾಂ, ಮುಂದೆ" ಅಂದ.

ಅಕ್ಕ ಅಲ್ಲಾಡಲಿಲ್ಲ. "ಏನೂ ಅನ್ಲಿಲ್ವಲ್ಲಪ್ಪಾ?"

"ಏನ್ ಅನ್ಬೇಕಮ್ಮಾ?"

"ಏನೂ ಬ್ಯಾಡ," ಅಂದಳು ಅಕ್ಕ. "ಏನೂ ಬ್ಯಾಡ. ಇಂಗೇ ಇರ್ಲಿ." ಮುಖ ಅಗಲವಾಗಿ, ತೂಕದ ಕಡೆಗೆ ಮದುವಣಗಿತ್ತಿಯ ಹಾಗೆ ನಡೆದಳು.

ನಾನು ತಡೆದೆ, ತಡೆದೆ, ಕೊನೇ ಚೀಲ ಇಳಿಯೋವರೆಗೂ ತಡೆದೆ. ಆಮೇಲೆ ಆಗಲಿಲ್ಲ. "ಸಾರ್, ಇಪ್ಪತ್ತು ಚೀಲ ಹಾಕಿದೀವಿ, ಒಂದು ಮಾತಿಗೆ ಅಂತ ಐವತ್ತು ರೂಪಾಯಿನಾದ್ರೂ ಮೇಲೆ..." ಅನ್ನೋಷ್ಟರಲ್ಲಿ ಅಕ್ಕ ನನ್ನ ಸೆರಗು ಹಿಡಿದು ಟೆಂಪೋ ಹತ್ತಿಸಿದಳು. ದಾರಿಯುದ್ದಕ್ಕೂ ಬಿಡಲಿಲ್ಲ. ಯಲಹಂಕ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಇಬ್ಬರಿಗೂ ಮಸಾಲೆದೋಸೆ ಹೇಳಿ, ಬೋರ್ಡಿನಲ್ಲಿದ್ದ ಬೆಲೆಯನ್ನೇ ಎಣಿಸಿ ಕೊಟ್ಟಳು. ನಾನು ಆ ಕಡೆ ತಿರುಗಿಕೊಂಡೆ.

ರಾಗಿ ಬೆಳೆಯೋರು ಇದನ್ನು ಓದುತ್ತಿದ್ದರೆ ನನ್ನ ಮಾತು ಕೇಳಿ. ಸಮೀಕ್ಷೆಯವನು ಬಂದಾಗ ಅವನನ್ನು ರಾಗಿಯ ನಡುವೆಯೇ ನಿಲ್ಲಿಸಿ, ಅವನ ಫೋನಿನಲ್ಲಿ ಬೆಳೆಯ ಹೆಸರು ಏನು ಬಿತ್ತು ಅಂತ ನೀವೇ ಓದಿ, ಓದೋಕೆ ಬರದಿದ್ದರೆ ಓದಿಸಿ ಕೇಳಿ, ಆಮೇಲೆ ಹೋಗೋಕೆ ಬಿಡಿ. ದೃಷ್ಟಿಯ ಭಯ ಇದ್ದವರು ಅವನು ಹೋದ ಮೇಲೆ ತೆಗೆದುಕೊಳ್ಳಿ, ಯಾರೂ ಬೇಡ ಅನ್ನೋದಿಲ್ಲ. ತಪ್ಪಾಗಿದ್ದರೆ ಅವತ್ತೇ ಆಕ್ಷೇಪಣೆ ಕೊಡಿ, ಕೊಯ್ಲು ಆಗಲಿ ಅಂತ ಕಾಯಬೇಡಿ. ರಾಗಿ ತೂಕ ಆಗೋವರೆಗೆ ಕೂಳೆ ಕೀಳಬೇಡಿ, ಟ್ರ್ಯಾಕ್ಟರಿನವನು ಎಷ್ಟೇ ಇಳಿಸಲಿ. ಹುಲ್ಲು ಮಾರಿದರೂ ನಾಲ್ಕು ಹೊರೆ ಮನೆಯಲ್ಲಿರಲಿ. ಬರಹ ಇಲ್ಲದ ಚೀಲ ಬಳಸಿ. ಬೇಕಾದರೆ ನನ್ನ ಹತ್ತಿರ ಬನ್ನಿ, ಅಂಥವನ್ನು ಬೇರೆ ಇಟ್ಟಿದ್ದೇನೆ, ರೇಟು ಮಾತಾಡೋಣ. ಕೇಂದ್ರಕ್ಕೆ ಹೋಗೋಕೆ ಮುಂಚೆ ಎರಡು ಬಿಸಿಲು ಹೆಚ್ಚಿಗೆ ಒಣಗಿಸಿ, ತೇವಾಂಶದ ಯಂತ್ರದ ಜೊತೆ ಮಾತಾಡಿ ಪ್ರಯೋಜನವಿಲ್ಲ, ನಾನು ನೋಡಿದ್ದೇನೆ. ಇನ್ನು ದುಡ್ಡು ಬರೋದು ನೇರ ಖಾತೆಗೆ, ಕೆಲವು ದಿನ ಹಿಡಿಯುತ್ತೆ. ಖಾತೆಗೆ ಆಧಾರ್ ಜೋಡಣೆಯಾಗಿದೆಯಾ, ಪಹಣಿಯಲ್ಲಿರೋ ಹೆಸರು ಪಾಸ್‌ಬುಕ್ಕಿನಲ್ಲೂ ಹಾಗೇ ಇದೆಯಾ ಅಂತ ಬಿತ್ತನೆಗೆ ಮುಂಚೆಯೇ ಬ್ಯಾಂಕಿಗೆ ಹೋಗಿ ನೋಡಿಕೊಂಡು ಬನ್ನಿ. ಬುಧವಾರ ಮಧ್ಯಾಹ್ನ ಹೋಗಿ, ಆಗ ಜನ ಕಡಿಮೆ.